ವ್ಯಸನವೂ ವಾಸಸ್ಥಳವೂ

ಕಳೆದ ತಿಂಗಳು ನೆರೆಮನೆಯ ತಾಯಿಯೊಬ್ಬರು ನಮ್ಮ ಜಗಲಿಯ ಮೇಲೆ ಕುಳಿತು ಹೀಗೆ ಕೇಳಿದರು: “ಮೇಷ್ಟ್ರೇ, ಆಸ್ಪತ್ರೆಯಲ್ಲಿ ಆರು ವಾರ ಮುಟ್ಟದೆ ಇದ್ದವನು ಮನೆಗೆ ಬಂದ ಎಂಟನೆಯ ದಿನವೇ ಕುಡಿದು ಬಂದ. ಅವರ ಔಷಧ ಸುಳ್ಳೋ, ನನ್ನ ಮಗ ಸುಳ್ಳೋ?” ಆಗ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಆಮೇಲೆ ಓದಿ ತಿಳಿದುದನ್ನು, ಅದೇ ಚಿಂತೆಯಲ್ಲಿರುವ ಇತರ ಗೃಹಸ್ಥರಿಗೂ ತಿಳಿಸುವುದು ಯುಕ್ತವೆಂದು ಇಲ್ಲಿ ಬರೆದಿರುವೆನು.

ಸಂಸ್ಕೃತದಲ್ಲಿ ‘ವ್ಯಸನ’ವೆಂಬ ಒಂದೇ ಶಬ್ದಕ್ಕೆ ಆಪತ್ತೆಂದೂ ದುಶ್ಚಟವೆಂದೂ ಅರ್ಥವುಂಟು. ಮನುಸ್ಮೃತಿಯ ಏಳನೆಯ ಅಧ್ಯಾಯವು ರಾಜನ ವ್ಯಸನಗಳನ್ನೆಣಿಸುವಾಗ ಮದ್ಯದೊಡನೆ ಬೇಟೆಯನ್ನೂ ಜೂಜನ್ನೂ ಸೇರಿಸಿರುವುದು. ಬೇಟೆಯಲ್ಲಿ ಯಾವ ಮಾದಕ ಪದಾರ್ಥವಿದೆ? ಚಟದ ಬೇರು ಪದಾರ್ಥವೊಂದರಲ್ಲಿಯೇ ಇಲ್ಲವೆಂಬುದನ್ನು ಹಿಂದಿನವರೂ ಬಲ್ಲವರಾಗಿದ್ದರೆಂದು ತೋರುವುದು.

ಈ ವಿಷಯದಲ್ಲಿ ಅತ್ಯಂತ ಆಶ್ಚರ್ಯಕರವಾದ ಶೋಧನೆಯು ವಿಯೆಟ್ನಾಂ ಯುದ್ಧದ ಕಾಲದ್ದು. ಅಲ್ಲಿದ್ದ ಅಮೆರಿಕಾದ ಸೈನಿಕರಲ್ಲಿ ಬಹುಮಂದಿ ಅಫೀಮಿನಿಂದಾದ ಹೆರಾಯಿನ್ನಿಗೆ ಬಲಿಯಾಗಿರುವರೆಂದು 1971ರಲ್ಲಿ ದೊಡ್ಡ ಕೋಲಾಹಲವೆದ್ದಿತು. ಅಧ್ಯಕ್ಷ ನಿಕ್ಸನ್ನರು ಡಾ. ಜೆರೋಮ್ ಜಾಫೆಯವರ ಕೈಯಲ್ಲಿ ಒಂದು ವಿಶೇಷ ಕಚೇರಿಯನ್ನೇ ತೆರೆದರು. ಮರಳಿದವರನ್ನು ಊರೂರಿನಲ್ಲಿ ಹುಡುಕಿ ವಿಚಾರಿಸುವ ಕಾರ್ಯವು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಲೀ ರಾಬಿನ್ಸ್ ಎಂಬ ವಿದುಷಿಯ ಪಾಲಿಗೆ ಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಬಂದ ಸುಮಾರು 900 ಮಂದಿಯನ್ನು ಆಕೆ ಪ್ರಶ್ನಿಸಿದರು. ಸಾಮಾನ್ಯ ಸೈನಿಕರಲ್ಲಿ ಐವರಿಗೊಬ್ಬನಂತೆ, ತಾನು ಅಲ್ಲಿ ಮಾದಕಕ್ಕೆ ದಾಸನಾಗಿದ್ದುದನ್ನು ಒಪ್ಪಿಕೊಂಡನು. ಆದರೆ ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಅದೇ ಸ್ಥಿತಿಗೆ ಬಿದ್ದವರು ನೂರಕ್ಕೆ 5 ಮಂದಿ ಮಾತ್ರ! ಮೂರು ವರ್ಷಗಳಲ್ಲಿ ನೂರಕ್ಕೆ 12. ಅನೇಕ ಪಂಡಿತರು ಈ ಅಂಕಿಗಳನ್ನು ಮೊದಲು ನಂಬಲೇ ಇಲ್ಲ.

ಹೆರಾಯಿನ್ ನಿರಪಾಯವೆಂದು ಇದರಿಂದ ಯಾರೂ ತಿಳಿಯತಕ್ಕದ್ದಲ್ಲ. ಆ ಸೈನಿಕರಲ್ಲಿ ಬಹುತೇಕರು ಯುದ್ಧಕ್ಕೆ ಮುಂಚೆ ಅದನ್ನು ಕಂಡವರಲ್ಲ. ಊರಿನಲ್ಲಿ ಅದು ದುಬಾರಿ, ದುರ್ಲಭ. ಭಯವಿದ್ದ ಸ್ಥಳ, ಕೊಟ್ಟ ಗೆಳೆಯರು, ಬೇಸರದ ಗಳಿಗೆ ಎಲ್ಲವೂ ಸಮುದ್ರದಾಚೆ ಉಳಿದವು. ಇದಕ್ಕೆ ಪ್ರತಿಯಾಗಿ, ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ 1935ರಲ್ಲಿ ತೆರೆದ ಸರ್ಕಾರಿ ಆಸ್ಪತ್ರೆಯಲ್ಲಿ ಗುಣಹೊಂದಿದವರು ತಮ್ಮ ಹಳೆಯ ಬೀದಿಗೇ ಮರಳುತ್ತಿದ್ದರು, ಬಹುಪಾಲು ಮತ್ತೆ ಬೀಳುತ್ತಿದ್ದರು. ತಿಂಗಳುಗಟ್ಟಲೆ ಮುಟ್ಟದವನಿಗೂ ಆ ಬೀದಿ ಕಣ್ಣಿಗೆ ಬಿದ್ದೊಡನೆ ಹಳೆಯ ಸಂಕಟವು ಮೈಯಲ್ಲಿ ಮೂಡುವುದನ್ನು ಅಲ್ಲಿಯ ವೈದ್ಯ ಅಬ್ರಹಾಂ ವಿಕ್ಲರ್ ವಿವರಿಸಿರುವರು.

ನನಗಿದರಲ್ಲಿ ಸಂದೇಹವಿಲ್ಲ. ನಾನೂ ಇಪ್ಪತ್ತೈದು ವರ್ಷ ನಶ್ಯ ಏರಿಸಿದವನು. ನಿವೃತ್ತನಾಗಿ ಬೇರೆ ಊರಿಗೆ ಬಂದಮೇಲೆ ಅದು ಹೆಚ್ಚು ಕಷ್ಟವಿಲ್ಲದೆ ಬಿಟ್ಟುಹೋಯಿತು. ಈಚೆಗೆ ಹಳೆಯ ಪಾಠಶಾಲೆಯ ಸಮಾರಂಭಕ್ಕೆ ಹೋಗಿದ್ದೆನು. ವಿರಾಮದ ಗಂಟೆ ಬಾರಿಸಿತು, ಕೈ ತಾನಾಗಿ ಜೇಬಿಗೆ ಹೋಯಿತು.

ಹೀಗಿರುವಾಗ ಸರ್ಕಾರದ ಕರ್ತವ್ಯವೇನು? ನಮ್ಮ 1985ರ ಮಾದಕದ್ರವ್ಯಗಳ ಕಾನೂನಿನ 64-ಎ ಪ್ರಕರಣದಂತೆ, ಅಲ್ಪ ಪ್ರಮಾಣದೊಡನೆ ಸಿಕ್ಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ಒಳ್ಳೆಯ ವಿಧಿಯೇ, ಆದರೆ ಅದರ ದೃಷ್ಟಿ ಆಸ್ಪತ್ರೆಯ ಬಾಗಿಲಿಗೆ ನಿಲ್ಲುವುದು. ಮದ್ಯಕ್ಕಂತೂ ಆ ಕಾನೂನು ಅನ್ವಯಿಸದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಬೀದಿಯ ಇತರ ಮದ್ಯದಂಗಡಿ ನಿಲ್ಲಲಿಲ್ಲ. ಪೋರ್ಚುಗಲ್ ದೇಶದವರು 2001ರಿಂದ ಹತ್ತು ದಿನಗಳ ಸ್ವಂತ ಬಳಕೆಗೆ ಮೀರದಷ್ಟು ಮಾದಕವನ್ನು ಇಟ್ಟುಕೊಂಡವನನ್ನು ಅಪರಾಧಿಯೆಂದೆಣಿಸದೆ ಒಂದು ಮಂಡಲಿಯ ಮುಂದೆ ಕಳುಹಿಸುತ್ತಾರೆ. ಮಾರುವವನಿಗೆ ಶಿಕ್ಷೆ ತಪ್ಪಿಲ್ಲ. ಗುಣಹೊಂದಿದವನಿಗೆ ಕೆಲಸ ಕೊಟ್ಟ ಯಜಮಾನನಿಗೆ ಸಂಬಳದ ಒಂದಂಶವನ್ನು ಸರ್ಕಾರವೇ ತುಂಬಿಕೊಡುವ ಏರ್ಪಾಡನ್ನೂ ಅವರು ಮಾಡಿದ್ದರು. ನನಗೆ ಹೆಚ್ಚು ಹಿಡಿಸಿದ್ದು ಈ ಕೊನೆಯದು.

ಇದನ್ನೆಲ್ಲ ಆ ತಾಯಿಗೆ ಹೇಳಿದೆನು. ಅವರು ಔಷಧದ ಮಾತನ್ನು ಬಿಟ್ಟು, ಮಗನು ಕೆಲಸದಿಂದ ಬರುವ ದಾರಿಯನ್ನು ಕುರಿತು ಯೋಚಿಸಿದರು. ವೈದ್ಯರನ್ನು ಕೇಳಿ, ಗುಳಿಗೆಗಳನ್ನು ಕೊಟ್ಟು, ಈ ವಾರ ಅವನನ್ನು ಸೋದರಮಾವನ ಊರಿಗೆ ರೇಷ್ಮೆಹುಳು ಸಾಕುವ ಕೆಲಸಕ್ಕೆ ಕಳುಹಿಸಿರುವರು. ಆ ಊರಿನಲ್ಲಿ ಅಂಗಡಿಯಿಲ್ಲವೇ ಎಂದು ಕೇಳಿದೆನು. ಒಂದು ಇದೆಯಂತೆ, ಮನೆಯಿಂದ ಮೂರು ಮೈಲಿ.