ರಾಗಿ ಬಿಸ್ಕತ್ತಿಗೂ ಆಫ್ರಿಕಾಕ್ಕೂ ಏನು ನಂಟು?

ಪ್ರಶ್ನೆ: ರಾಗಿಯ ತವರು ಆಫ್ರಿಕಾ ಅಂತಾರೆ, ನಿಜವೇ? ಈಗ ಬಿಸ್ಕತ್ತು, ಶ್ಯಾವಿಗೆಯಲ್ಲೂ ಅದೇ!
– ಓದುಗರು, ಕಳಸ

ಉತ್ತರ: ನಿಜ. ನಿಮ್ಮ ತೋಟದ ಅರೇಬಿಕಾ ಕಾಫಿಯಂತೆ ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ನಮ್ಮಲ್ಲಿಗೆ ಕಾಫಿಗಿಂತ ಎಷ್ಟೋ ಮೊದಲೇ ಬಂತು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಆದರೆ ನಿಮ್ಮ ಕಡೆಯ ಕುದುರೆಮುಖದ ಜಡಿಮಳೆ ರಾಗಿಗೆ ಒಗ್ಗದು. ನಿಮ್ಮ ಜಿಲ್ಲೆಯಲ್ಲಿ ಇದರ ನೆಲ ಕಡೂರು ಕಡೆಯ ಬಯಲು; ಅಲ್ಲಿ ಮಳೆ ಕೈಕೊಟ್ಟರೂ ರಾಗಿ ತಾಳುತ್ತದೆ.

ಇನ್ನು ಬಿಸ್ಕತ್ತಿನ ಮಾತು. ಗೋಧಿಯ ಅಂಟು ರಾಗಿಯಲ್ಲಿಲ್ಲ. ಅದಕ್ಕೇ ರೊಟ್ಟಿಗೆ ಹಿಟ್ಟನ್ನು ಬಿಸಿನೀರಲ್ಲಿ ಕಲಸುವುದು, ಬೇಕರಿಯವರು ಮೈದಾ ಬೆರೆಸುವುದು. ಕೆಲವು ‘ರಾಗಿ’ ಬಿಸ್ಕತ್ತುಗಳಲ್ಲಂತೂ ಮೈದಾ, ಸಕ್ಕರೆಯದೇ ಕಾರುಬಾರು! ಪೊಟ್ಟಣದ ಹಿಂಬದಿ ಓದಿ ಕೊಳ್ಳಿ. ಹೆಚ್ಚಿರುವ ಪದಾರ್ಥವನ್ನೇ ಮೊದಲು ಬರೆಯಬೇಕೆಂಬ ನಿಯಮವಿದೆ.