ಬೀಟೆ ಹಲಗೆಯ ಗಿಟಾರು: ಕುಕ್ಕುವಾಡದಿಂದ ಬಂದ ಒಂದು ಪ್ರಶ್ನೆ

ಕುಕ್ಕುವಾಡದ ಕಡೆಯ ಸದಸ್ಯರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಕೊಳೆರೋಗದ ವಿಚಾರವೋ ಗೊಬ್ಬರದ ವಿಚಾರವೋ ಇರಬೇಕೆಂದು ಒಡೆದು ನೋಡಿದರೆ ಸಂಗತಿಯೇ ಬೇರೆ. ಅವರಿಗೆ ಭದ್ರಾ ನಾಲೆಯ ನೀರಿನ ಎರಡು ಎಕರೆ ಅಡಿಕೆ ತೋಟವಿದೆ. ಮಗ ಮರಗೆಲಸ ಕಲಿತವನು, ದಾವಣಗೆರೆಯ ಒಂದು ಪೀಠೋಪಕರಣದ ಅಂಗಡಿಯಲ್ಲಿ ಸಂಬಳಕ್ಕಿದ್ದಾನೆ. ಈಗ ಆ ಕೆಲಸ ಬಿಟ್ಟು, ಮನೆಯಲ್ಲೇ ಕುಳಿತು ಹಳೆಯ ಮಾದರಿಯ ಗಿಟಾರುಗಳನ್ನು ಕೈಯಿಂದ ಮಾಡಿ ಮಾರುತ್ತೇನೆ ಎಂದು ಹಟ ಹಿಡಿದಿದ್ದಾನಂತೆ. ಹತ್ಯಾರಕ್ಕೂ ಮರಕ್ಕೂ ಬೇಕಾದ ಹಣಕ್ಕೆ ತೋಟವನ್ನು ಮೂರು ವರ್ಷ ಚೇಣಿಗೆ ಕೊಡಬೇಕೆಂಬುದು ಅವನ ಲೆಕ್ಕಾಚಾರ. "ಇದು ನಡೆಯುವ ಕೆಲಸವೋ ಹುಚ್ಚೋ, ತಿಳಿಸಿರಿ" ಎಂದು ತಂದೆಯವರು ಕೇಳಿದ್ದಾರೆ.

ಬೋರ್ಡೋ ದ್ರಾವಣದ ಬಗ್ಗೆ ಬರೆಯುವ ಪತ್ರಿಕೆಗೆ ಗಿಟಾರಿನ ಗೊಡವೆ ಏಕೆಂದು ಕೆಲವರು ನಗಬಹುದು. ನಾವೂ ಮೊದಲು ನಕ್ಕೆವು. ಆದರೆ ವಿಚಾರಿಸುತ್ತ ಹೋದಂತೆ ಈ ವಾದ್ಯದ ಬೆನ್ನು ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳ ತನಕ ಬಂದು ಮುಟ್ಟಿತು.

ಗಿಟಾರಿನ ಬೆನ್ನಿಗೂ ಪಕ್ಕೆಗಳಿಗೂ ಬಹುಕಾಲದಿಂದ ಹೆಸರಾದದ್ದು ಬ್ರೆಜಿಲ್ ದೇಶದ ಬೀಟೆ. 1833ರಲ್ಲಿ ಆರಂಭವಾದ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಉತ್ತಮ ಗಿಟಾರುಗಳನ್ನು ಅದರಿಂದಲೇ ಮಾಡುತ್ತಿತ್ತು. ಆ ಮರ ಸಿಗುವುದು ಕಷ್ಟವಾದಾಗ, 1969ರಲ್ಲಿ ಕಂಪನಿ ಭಾರತದ ಬೀಟೆಗೆ ತಿರುಗಿತು. ನಮ್ಮ ಕಾಫಿ ಗಿಡಗಳ ಮೇಲೆ ನೆರಳು ಹಿಡಿದು ನಿಂತಿರುವ ಅದೇ ಬೀಟೆ. ಅಂದಿನಿಂದ ಲೋಕದ ಎಷ್ಟೋ ಒಳ್ಳೆಯ ಗಿಟಾರುಗಳಿಗೆ ದಕ್ಷಿಣ ಭಾರತದ ಮರವೇ ಬೆನ್ನು. ಸಿಲ್ವರ್ ಓಕ್ ಮರದಿಂದಲೂ ಹೊರದೇಶದ ಕೆಲವು ತಯಾರಕರು ಬೆನ್ನು ಪಕ್ಕೆ ಮಾಡಿದ್ದಾರೆಂದರೆ ನಮ್ಮ ಬೆಳೆಗಾರರು ನಂಬಲಾರರು; ನಾವು ಅದನ್ನು ಮೆಣಸಿನ ಬಳ್ಳಿ ಹಬ್ಬಿಸುವ ಕಂಬವೆಂದೇ ಬಲ್ಲೆವು.

ಹಾಗೆಂದು ಬೀಟೆಯೇ ಎಲ್ಲವೂ ಅಲ್ಲ. ಸ್ಪೇನ್ ದೇಶದ ಆಂಟೋನಿಯೋ ಡಿ ಟೊರೆಸ್ ಎಂಬ ಹೆಸರಾಂತ ಗಿಟಾರು ತಯಾರಕ 1862ರಲ್ಲಿ ಬೆನ್ನನ್ನೂ ಪಕ್ಕೆಗಳನ್ನೂ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಿಂದ ಕೂರಿಸಿದ. ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಆ ಮೇಲ್ಹಲಗೆಗೆ ಬೇಕಾದದ್ದು ಸ್ಪ್ರೂಸ್ ಎಂಬ ಶೀತದೇಶದ ಮರ, ಅದು ನಮ್ಮಲ್ಲಿ ಬೆಳೆಯುವುದಿಲ್ಲ. ತರಿಸಿಕೊಳ್ಳಲೇಬೇಕು.

ಇನ್ನು ಹಳೆಯ ಮಾದರಿ ಎಂದರೇನು? ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾರ್ಟಿನ್ ಗಿಟಾರುಗಳ ಒಳಗೆ, ಮೇಲ್ಹಲಗೆಯ ಅಡಿಯಲ್ಲಿ, ಅಡ್ಡಡ್ಡ ಅಂಟಿಸಿದ ಪಟ್ಟಿಗಳನ್ನು ಉಳಿಯಿಂದ ಕೆತ್ತಿ ತೆಳ್ಳಗೆ ಮಾಡುತ್ತಿದ್ದರು. 1944ರಲ್ಲಿ ಆ ಪದ್ಧತಿ ನಿಂತಿತು. ದಪ್ಪ ತಂತಿ ಹಾಕಿದವರ ಗಿಟಾರುಗಳು ಉಬ್ಬಿ ರಿಪೇರಿಗೆ ಬರತೊಡಗಿದ್ದೇ ಕಾರಣವೆನ್ನುತ್ತಾರೆ. ಆದರೆ ಪಟ್ಟಿ ಹಗುರವಾದಷ್ಟೂ ಹಲಗೆ ಚೆನ್ನಾಗಿ ಮಿಡಿಯುತ್ತದೆ. ಆದ್ದರಿಂದಲೇ ಇಂದು ಬಿಡಿಯಾಗಿ ಕೆಲಸ ಮಾಡುವ ತಯಾರಕರು ಆ ಹಳೆಯ ಕ್ರಮವನ್ನೇ ಹಿಡಿಯುತ್ತಾರೆ. ಚರ್ಮ ಕುದಿಸಿ ತೆಗೆದ ಬಿಸಿ ಅಂಟನ್ನೇ ಬಳಸುವವರೂ ಇದ್ದಾರೆ.

ಇಲ್ಲಿ ಕೈಯ ಪರೀಕ್ಷೆ ಎಷ್ಟೆಂಬುದಕ್ಕೆ ಒಂದು ಲೆಕ್ಕ. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದರೆ ಒಟ್ಟು ಎಳೆತ ಸುಮಾರು 70ರಿಂದ 80 ಕಿಲೋ. ಅಂದರೆ ಒಂದೂವರೆ ಚೀಲ ಕಾಫಿ. ಅದನ್ನು ಹಗಲೂ ರಾತ್ರಿ ತಡೆಯಬೇಕಾದದ್ದು ಮೂರು ಮಿಲಿಮೀಟರಿಗೂ ಕಡಮೆ ದಪ್ಪದ ಹಲಗೆ. ದಪ್ಪ ಬಿಟ್ಟರೆ ಗಿಟಾರು ಮೂಗನಂತೆ ಕೂರುತ್ತದೆ. ಹೆಚ್ಚು ಕೆತ್ತಿದರೆ ಕುದುರೆ ಹಲಗೆಯನ್ನೇ ಕಿತ್ತುಕೊಂಡು ಬರುತ್ತದೆ. ಬೀಟೆಯ ಪಕ್ಕೆಯನ್ನು ಎರಡು ಮಿಲಿಮೀಟರಿಗೆ ಇಳಿಸಿ, ನೀರು ಸವರಿ, ಕಾದ ಕೊಳವೆಯ ಮೇಲೆ ನಿಧಾನವಾಗಿ ಬಾಗಿಸಬೇಕು. ಅವಸರಪಟ್ಟರೆ ಸೀಳುತ್ತದೆ, ಆ ಹಲಗೆಯ ದುಡ್ಡು ಹೋದಂತೆಯೇ. ಒಂದು ಗಿಟಾರಿಗೆ ನೂರು ಗಂಟೆಗೂ ಮಿಕ್ಕಿ ಕೆಲಸ. ಒಬ್ಬನೇ ಮಾಡುವವನು ವರ್ಷಕ್ಕೆ ಹತ್ತು ಹನ್ನೆರಡು ಮುಗಿಸಿದರೆ ಜಾಣನೇ ಸರಿ.

ತೇವದ ವಿಷಯವನ್ನು ನಮ್ಮವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸರಿಯಾಗಿ ಒಣಗದ ಅಡಿಕೆಗೆ ಬೂಸ್ಟು ಬಂದು ದರ ಬೀಳುವುದನ್ನು ಯಾರು ಕಂಡಿಲ್ಲ? ಮರವೂ ಹಾಗೆಯೇ. ಮಳೆಗಾಲದ ಗಾಳಿಯಲ್ಲಿ ಉಬ್ಬಿದ ಹಲಗೆಯನ್ನು ಅಂಟಿಸಿದರೆ ಚೈತ್ರದ ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ನೆರಳಿನಲ್ಲಿ ಅಟ್ಟಿ ಹಾಕಿ ಒಣಗಿಸಿದ ಮರವೇ ಆಗಬೇಕು. ಕೆಲಸದ ಕೋಣೆಯ ತೇವ ನೂರಕ್ಕೆ 45ರಿಂದ 50ರೊಳಗೆ ನಿಲ್ಲಬೇಕು. ಈ ಒಂದು ವಿಚಾರದಲ್ಲಿ ಮೂಡಿಗೆರೆ, ಸೋಮವಾರಪೇಟೆಗಳಿಗಿಂತ ಕುಕ್ಕುವಾಡವೇ ವಾಸಿ. ಮರ ಅಲ್ಲಿಯದಾದರೂ ಅಲ್ಲಿಯ ಜಡಿಮಳೆ ಇಲ್ಲಿಲ್ಲ.

ಇದನ್ನೇ ನಂಬಿ ಬದುಕಿದವರುಂಟೇ ಎಂದರೆ, ಉಂಟು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ರಗ್ಬಿ ಎಂಬ ಬೆರಳೆಣಿಕೆಯ ಮನೆಗಳ ಹಳ್ಳಿಯಿದೆ. ಅಲ್ಲಿ 1947ರಲ್ಲಿ ಹುಟ್ಟಿದ ವೇಯ್ನ್ ಹೆಂಡರ್ಸನ್ ಹುಡುಗನಾಗಿದ್ದಾಗ ಮೇಜಿನ ಖಾನೆಯ ತಳದ ಹಲಗೆಯಿಂದ ಗಿಟಾರು ಮಾಡಿದರು. ಅಂಟು ಸರಿಯಿಲ್ಲದೆ, ಸೆಕೆ ಏರಿದಾಗ ಅದು ಬಿಚ್ಚಿಕೊಂಡಿತು. ನೆರೆಯ ಪಿಟೀಲು ತಯಾರಕ ಆಲ್ಬರ್ಟ್ ಹ್ಯಾಶ್ ಅವರ ಮಾರ್ಗದರ್ಶನದಲ್ಲಿ ಮತ್ತೆ ಕೈಹಾಕಿ, ಹಳೆಯ ಮಾರ್ಟಿನ್ ಮಾದರಿಯಲ್ಲಿ ಒಂದೊಂದಾಗಿ ಮಾಡುತ್ತ ಬಂದರು. 1995ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವ ದೊರೆಯಿತು. ಎರಿಕ್ ಕ್ಲಾಪ್ಟನ್‌ನಂಥ ಲೋಕಪ್ರಸಿದ್ಧ ವಾದಕನೂ ಅವರ ಗಿಟಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ನಾವು ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದು. ಹೆಂಡರ್ಸನ್ ದಶಕಗಳ ಕಾಲ ಹಳ್ಳಿಹಳ್ಳಿಗೆ ಟಪಾಲು ಹಂಚುವ ನೌಕರಿಯನ್ನು ಬಿಡಲಿಲ್ಲ. ಗಿಟಾರು ಮಾಡಿದ್ದು ಉಳಿದ ಹೊತ್ತಿನಲ್ಲಿ.

ಅಷ್ಟು ದೂರ ಹೋಗದಿದ್ದರೆ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವಿದೆ. ಪೆನ್ನ ಓಬಳಯ್ಯನವರು ವೀಣೆ ಮಾಡುವ ವಿದ್ಯೆಯನ್ನು ಆ ಊರಿಗೆ ತಂದು ಊರ ಹುಡುಗರಿಗೆ ಕಲಿಸಿದರು. ಹಲಸಿನ ಮರದಿಂದ ವೀಣೆ ಕೆತ್ತುವ ಹಲವು ಮನೆಗಳು ಅಲ್ಲಿ ಉಂಟಾದವು. ಹಳ್ಳಿಯಲ್ಲಿ ಕುಳಿತು ವಾದ್ಯ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ ಎಂಬುದಕ್ಕೆ ಇದು ಸಾಕು.

ಮರದ ಕಾನೂನನ್ನು ಹುಡುಗ ಮೊದಲೇ ತಿಳಿದಿರಬೇಕು. ತೋಟದಲ್ಲಿ ನಿಂತ ಬೀಟೆಯನ್ನು, ಅದು ನಮ್ಮ ತಾತ ನೆಟ್ಟದ್ದೇ ಆಗಿರಲಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸಾಗಿಸಲು ಪಾಸು ಬೇಕು. ಜಮೀನಿನ ಹಿಡುವಳಿ ಯಾವ ಬಗೆಯದು ಎಂಬುದರ ಮೇಲೆ ಮರ ಯಾರದೆಂಬುದೂ ನಿಂತಿದೆ. ಸಾಕಿದವರು ನಾವು, ಕೇಳಬೇಕಾದವರೂ ನಾವೇ ಎಂಬ ಬೆಳೆಗಾರರ ಅಸಮಾಧಾನ ಹಳೆಯದು, ಅದರಲ್ಲಿ ನ್ಯಾಯವೂ ಇದೆ. ಆದರೂ ಸ್ನೇಹಿತರ ತೋಟದಿಂದ ಒಂದು ತುಂಡು ತಂದರಾಯಿತು ಎಂಬ ಮಾತು ಬೇಡ. ಡಿಪೋ ಹರಾಜಿನ ಮರವನ್ನೋ, ಹಳೆಯ ಮನೆ ಕೆಡವಿದಾಗ ಬರುವ ಮರವನ್ನೋ ರಶೀದಿ ಸಹಿತ ಕೊಳ್ಳಲಿ. ಹೊರದೇಶಕ್ಕೆ ಮಾರುವ ಆಸೆಯಿದ್ದರೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವೂ ಇದೆ. 2017ರ ಜನವರಿಯಿಂದ ಬೀಟೆಯ ಇಡೀ ವಂಶವೇ ಅದರ ನಿರ್ಬಂಧಕ್ಕೆ ಬಂತು. 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆತಿದೆ. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ.

2020ರಲ್ಲಿ ಕರ್ಟ್ ಕೋಬೇನ್ ಎಂಬ ಗಾಯಕ ನುಡಿಸಿದ್ದ 1959ರ ಮಾರ್ಟಿನ್ ಗಿಟಾರು 60 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಹುಡುಗ ಇಂಥ ಸುದ್ದಿ ತೋರಿಸಿ ತಂದೆಯನ್ನು ಒಪ್ಪಿಸಲು ನೋಡಿದರೆ ಅವರು ಮಣಿಯಬಾರದು. ಅದು ಹಾಡಿದವನ ಹೆಸರಿನ ಬೆಲೆ, ಮಾಡಿದವನ ಕೂಲಿಯಲ್ಲ.

ನಮ್ಮ ಅಭಿಪ್ರಾಯವನ್ನು ಕೇಳಿದ್ದರಿಂದ ಹೇಳುತ್ತೇವೆ. ಹುಚ್ಚಲ್ಲ. ಆದರೆ ತೋಟವನ್ನು ಚೇಣಿಗೆ ಕೊಡಬೇಡಿರಿ. ಹೆಂಡರ್ಸನ್ನರಿಗೆ ಟಪಾಲಿನ ಚೀಲ ಇದ್ದಂತೆ ನಿಮ್ಮ ಹುಡುಗನಿಗೆ ಆ ಎರಡು ಎಕರೆ ಇರಲಿ. ಅಂಗಡಿಯ ಸಂಬಳವನ್ನೂ ಸದ್ಯಕ್ಕೆ ಬಿಡದಿರಲಿ. ಉಳಿ, ಉಜ್ಜುಗೊರಡು ಅವನ ಬಳಿ ಹೇಗೂ ಇವೆ. ಹಿಡಿಕೆ, ಬಾಗಿಸುವ ಕೊಳವೆ ಮುಂತಾದವನ್ನು ಹರಿಹರದ ಸಣ್ಣ ವರ್ಕ್‌ಷಾಪುಗಳಲ್ಲಿ ಹೇಳಿ ಮಾಡಿಸಬಹುದು. ಲೇತ್ ಕೆಲಸ ಬಲ್ಲ ಕೈಗಳು ಆ ಊರಿನಲ್ಲಿ ಇವೆ. ಮೊದಲ ಗಿಟಾರಿಗೆ ಬೀಟೆ ಬೇಡ, ಹಲಸಿನ ಬೆನ್ನು ಸಾಕು. ಅದನ್ನು ಈ ಬೇಸಿಗೆಯಲ್ಲಿ ಮುಗಿಸಿ, ತಂತಿ ಬಿಗಿದು, ಮನೆಯ ನಡುಗೋಡೆಗೆ ತೂಗುಹಾಕಲಿ. ಮಳೆಗಾಲ ಕಳೆದು, ಮುಂದಿನ ಬೇಸಿಗೆಯೂ ಕಳೆದ ಮೇಲೆ ಹಲಗೆ ಸೀಳಿತೋ, ಕುದುರೆ ಎದ್ದಿತೋ, ಕತ್ತು ಬಾಗಿತೋ ಎಂಬುದನ್ನು ನಮಗೆ ಬರೆಯಲಿ. ಎರಡನೆಯದಕ್ಕೆ ಎಷ್ಟು ಹಣ ಬೇಕೆಂಬ ಮಾತನ್ನು ಆಗ ಆಡೋಣ.