ನಾಗರಿಕರಲ್ಲದವರಿಗೂ ಕೋರ್ಟಿನ ರಕ್ಷಣೆ

ಪ್ರಶ್ನೆ: ಭಾರತದಲ್ಲಿ ನಿರಾಶ್ರಿತರಿಗೆಂದೇ ಕಾನೂನಿಲ್ಲವಂತೆ. ಹಾಗಿದ್ದರೆ ನ್ಯಾಯಾಲಯಗಳು ಅವರ ಹಕ್ಕುಗಳನ್ನು ಕಾಪಾಡುವುದು ಹೇಗೆ?

ನಿಜ, ಪ್ರತ್ಯೇಕ ಕಾನೂನಿಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಕೋರ್ಟುಗಳು ಆಧರಿಸುವುದು ಸಂವಿಧಾನವನ್ನು. ಅದರ 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. ಆದರೆ ಸಮಾನತೆಯ 14ನೇ ವಿಧಿ, ಜೀವರಕ್ಷಣೆಯ 21ನೇ ವಿಧಿ ಈ ನೆಲದ ಮೇಲಿರುವ ಯಾರಿಗೇ ಆದರೂ ಸಲ್ಲುತ್ತವೆ.

ಇದನ್ನು ಬಸ್ಸಿನ ಉದಾಹರಣೆಯಿಂದ ನೋಡಿ: ಟಿಕೆಟ್ ಇಲ್ಲದವನನ್ನು ಕಂಡಕ್ಟರ್ ಮುಂದಿನ ನಿಲ್ದಾಣದಲ್ಲಿ ಇಳಿಸಬಹುದು. ಓಡುವ ಬಸ್ಸಿನಿಂದ ಅವನನ್ನು ತಳ್ಳುವಂತಿಲ್ಲ; ಉಳಿದ ಪ್ರಯಾಣಿಕರು ತಳ್ಳಲು ಬಂದರೆ ತಡೆಯಲೂಬೇಕು. ಅರುಣಾಚಲದ ಚಕ್ಮಾ ಸಮುದಾಯದ ಪ್ರಕರಣದಲ್ಲಿ ಆದದ್ದು ಹೀಗೆಯೇ. 1964ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ್ದ ಅವರಿಗೆ, ರಾಜ್ಯ ಬಿಟ್ಟು ತೊಲಗಿ ಎಂದು ವಿದ್ಯಾರ್ಥಿ ಸಂಘಟನೆಯೊಂದು ಗಡುವು ಕೊಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1996ರ ಜನವರಿಯಲ್ಲಿ ತೀರ್ಪು ಬಂತು: ಪ್ರತಿಯೊಬ್ಬ ಚಕ್ಮಾನ ಪ್ರಾಣ ರಕ್ಷಿಸಿ, ಬೇಕಿದ್ದರೆ ಅರೆಸೇನಾ ಪಡೆ ಕರೆಸಿ, ಕಾನೂನು ಕ್ರಮವಿಲ್ಲದೆ ಮನೆಯಿಂದ ಎಬ್ಬಿಸಬೇಡಿ, ಅವರ ಪೌರತ್ವದ ಅರ್ಜಿಗಳನ್ನು ಕೇಂದ್ರಕ್ಕೆ ಕಳಿಸಿ.

ಆದರೆ ಈ ರಕ್ಷಣೆಗೆ ಮಿತಿಯಿದೆ. ಜಮ್ಮುವಿನಲ್ಲಿ ಬಂಧಿತರಾಗಿದ್ದ ರೋಹಿಂಗ್ಯಾ ನಿರಾಶ್ರಿತರನ್ನು ಬಿಡುಗಡೆ ಮಾಡಿಸಲು 2021ರಲ್ಲಿ ಅದೇ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಗಡೀಪಾರಾಗದಿರುವ ಹಕ್ಕು 19ನೇ ವಿಧಿಗೆ ಅಂಟಿಕೊಂಡದ್ದು, ಅದು ನಾಗರಿಕರಿಗಷ್ಟೇ ಎಂದಿತು; ನಿಗದಿತ ಕ್ರಮ ಅನುಸರಿಸದೆ ಕಳಿಸಬಾರದು ಎಂದಷ್ಟೇ ಹೇಳಿತು. ನೆಲೆಸುವ ಹಕ್ಕನ್ನೇ ಕೊಡಬೇಕಾದರೆ ಸಂಸತ್ತು ಕಾನೂನು ಮಾಡಬೇಕು.